ಬೇಟೆರಾಯಪ್ಪನ ನಾಯಿಯ ಕಿವಿ

ಗುಂಡ್ಲಪಲ್ಲಿಯ ಕಾಲೋನಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಒಂದು ನಾಯಿಯ ಕಿವಿ ಹಿಡಿದುಕೊಂಡೇ ಎದ್ದು ನಿಲ್ಲುವುದನ್ನು ಕಲಿತವರು. ಆ ನಾಯಿ ಬೊಗಳುವುದಿಲ್ಲ, ಕಚ್ಚುವುದೂ ಇಲ್ಲ, ಅದು ಕಲ್ಲಿನದು. ಕಾಲೋನಿಯ ಕೊನೆಯ ಮನೆ ದಾಟಿದರೆ ಒಂದು ಹೊಂಗೆ ಮರ, ಅದರ ಕೆಳಗೆ ಎದೆಯೆತ್ತರದ ವೀರಗಲ್ಲು. ಕಲ್ಲಿನಲ್ಲಿ ಬಿಲ್ಲು ಹಿಡಿದ ಒಬ್ಬ ವೀರ, ಅವನೆದುರು ಕಾಡುಹಂದಿ, ಹಂದಿಯ ಮೇಲೆ ಎಗರಿರುವ ಬೇಟೆನಾಯಿ. ವೀರನನ್ನು ಊರಿನವರು ಬೇಟೆರಾಯಪ್ಪ ಎಂದು ಕರೆದು ಪೂಜೆ ಮಾಡುತ್ತ ಬಂದಿದ್ದಾರೆ. ನೂರಾರು ವರ್ಷದ ಮಳೆ ಬಿಸಿಲಿಗೆ ಅವನ ಮೂಗು ಬಾಯಿ ಸವೆದಿವೆ. ಹಂದಿ ಅರ್ಧ ಮಣ್ಣಿನಲ್ಲಿ ಹೂತಿದೆ. ನಾಯಿಯ ಒಂದು ಕಿವಿ ಮಾತ್ರ ವೀಳ್ಯದೆಲೆಯ ಹಾಗೆ ತೆಳ್ಳಗೆ, ಮುಂದಕ್ಕೆ ನಿಗುರಿ ನಿಂತಿದೆ. ಅಂಬೆಗಾಲಿನ ಮಗುವಿನ ಕೈಗೆ ಸರಿಯಾಗಿ ಸಿಗುವ ಎತ್ತರ.

ಕಾರ್ತೀಕದ ಕೊನೆಯ ಸೋಮವಾರ ಅಲ್ಲಿ ಸಾಮೂಹಿಕ ಊಟ. ಬೇಯಿಸಿದ ಮೊದಲ ರಾಗಿ ಮುದ್ದೆ ವೀರನಿಗಲ್ಲ, ನಾಯಿಗೆ. ಕಲ್ಲುನಾಯಿಯ ಮುಂದೆ ಇಟ್ಟ ಮುದ್ದೆಯನ್ನು ಬೀದಿಯ ಯಾವುದಾದರೂ ನಾಯಿ ಬಂದು ತಿಂದ ಮೇಲೆಯೇ ಜನ ಎಲೆಯ ಮುಂದೆ ಕೂರಬೇಕು. ನಾಯಿ ಬರುವುದು ತಡವಾದರೆ ಹಸಿದ ಗಂಡಸರೆಲ್ಲ 'ಚೂ ಚೂ' ಎನ್ನುತ್ತ ಬೀದಿ ಅಲೆಯುತ್ತಾರೆ. ವರ್ಷವೆಲ್ಲ ಕಲ್ಲು ಹೊಡೆಸಿಕೊಂಡ ನಾಯಿಗಳು ಅವತ್ತು ಬಿಗುಮಾನ ಮಾಡುತ್ತವೆ.

ಈ ಕಲ್ಲಿನ ಮೇಲೆ ಬಯ್ಯಪ್ಪನ ಮಗಳು ಹರಿಣಿ ಎಂ.ಎ. ತರಗತಿಯ ಪ್ರಬಂಧ ಬರೆದಳು.

ಬಯ್ಯಪ್ಪ ಪಂಚಾಯಿತಿಯ ವಾಟರ್‌ಮನ್. ಬೆಳಿಗ್ಗೆ ಎದ್ದು ಯಾವ ಬೀದಿಗೆ ನೀರು ಬಿಡಬೇಕೋ ಆ ಬೀದಿಯ ವಾಲ್ವು ತಿರುಗಿಸುವುದು ಅವನ ಕೆಲಸ. ಹಾಗಾಗಿ ಊರಿನಲ್ಲಿ ಅವನಿಗೆ ಬೈಗುಳ ತಪ್ಪಿದ್ದಿಲ್ಲ. ನೀರು ಬಂದರೂ ಬೈಯುತ್ತಾರೆ, ಬರದಿದ್ದರೂ ಬೈಯುತ್ತಾರೆ. ಮಗಳು ಗೌರಿಬಿದನೂರಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿದಾಗ ಎಲ್ಲರೂ ಅವಳು ಬಿ.ಎಡ್. ಮಾಡುತ್ತಾಳೆ ಎಂದುಕೊಂಡಿದ್ದರು. ಆದರೆ ಕಾಲೇಜಿನವರು ಒಮ್ಮೆ ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಪ್ರವಾಸ ಕರೆದುಕೊಂಡು ಹೋದದ್ದು ಲೆಕ್ಕ ತಪ್ಪಿಸಿತು. ಉಳಿದವರೆಲ್ಲ ಬೆಟ್ಟ ಹತ್ತಿ, ಸೆಲ್ಫಿ ತೆಗೆದುಕೊಂಡು, ಜೋಳ ತಿಂದು ಇಳಿದು ಬರುವವರೆಗೆ ಹರಿಣಿ ಕೆಳಗೆ ದೇವಸ್ಥಾನದ ಒಂದೇ ಕಂಬದ ಮುಂದೆ ನಿಂತಿದ್ದಳು. ಇದನ್ನು ಯಾರೋ ಒಬ್ಬ ಮನುಷ್ಯ, ಇಂಥದೇ ಬಿಸಿಲಿನಲ್ಲಿ ಕೂತು, ಇಷ್ಟೇ ಉದ್ದದ ಕೈಗಳಿಂದ ಮಾಡಿದ್ದಾನೆ ಎಂಬುದು ಅವಳಿಗೆ ಅವತ್ತು ಮೊದಲ ಬಾರಿಗೆ ಹೊಳೆಯಿತು. ವಾಪಸು ಬಸ್ಸಿನಲ್ಲಿ ಇತಿಹಾಸದ ಮೇಷ್ಟ್ರ ಪಕ್ಕ ಹೋಗಿ ಕೂತು, "ಸಾರ್, ಇದನ್ನ ಓದೋ ಕೋರ್ಸ್ ಇದೆಯಾ?" ಎಂದು ಕೇಳಿದಳು. ಇದೆ ಎಂದರು. ಅದನ್ನು ಓದಿದರೆ ಏನಾಗುತ್ತಾರೆ ಎಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಪ್ರಶ್ನೆಯನ್ನು ಆಮೇಲೆ ಊರೆಲ್ಲ ಕೇಳಿತು.

"ಕಲಾ ಇತಿಹಾಸ ಅಂದ್ರೆ ಏನಮ್ಮಾ, ಡ್ರಾಯಿಂಗ್ ಟೀಚರಾ?" ಎಂದು ಅತ್ತೆ ಕೇಳಿದಳು.

"ಅಲ್ಲ ಅತ್ತೆ. ಬೇರೆಯವರು ಬರೆದಿದ್ದನ್ನ, ಕೆತ್ತಿದ್ದನ್ನ ನೋಡಿ ತಿಳ್ಕೊಳ್ಳೋದು."

"ನೋಡೋದಾ? ನೋಡೋಕೆ ಎರಡು ವರ್ಷ ಓದಬೇಕಾ?"

ಹರಿಣಿಗೆ ನಗು ಬಂತು. ಆದರೆ ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಅವಳು ಮೊದಲು ಕಲಿತದ್ದು ಅದನ್ನೇ. ಪರದೆಯ ಮೇಲೆ ಒಂದು ಶಿಲ್ಪದ ಚಿತ್ರ ಬಿಟ್ಟು ಮೇಡಂ ಸುಮ್ಮನೆ ಕೂತುಬಿಡುತ್ತಿದ್ದರು. ಕಂಡದ್ದನ್ನು ಮೊದಲು ಹೇಳಿ, ಗೊತ್ತಿರುವುದನ್ನು ಆಮೇಲೆ ಹೇಳಿ ಎನ್ನುತ್ತಿದ್ದರು. ಜೊತೆಯವರಿಗೆ ಇಂಗ್ಲಿಷ್ ಸರಾಗ. ಅವರಿಗೆ ಗೊತ್ತಿರುವುದು ಬಹಳ ಇತ್ತು. ಹರಿಣಿಗೆ ಗೊತ್ತಿರುವುದು ಕಡಿಮೆ ಇದ್ದುದರಿಂದ ಅವಳು ಕಂಡದ್ದನ್ನೇ ಹೇಳುತ್ತ ಹೋದಳು. ಹಾಸ್ಟೆಲಿನ ಲೈಬ್ರರಿಯಲ್ಲಿ ನಿಘಂಟು ಪಕ್ಕಕ್ಕಿಟ್ಟುಕೊಂಡು ಒಂದೊಂದು ಪುಟವನ್ನೂ ಎರಡೆರಡು ಸಲ ಓದಿದಳು. ಪ್ರಬಂಧಕ್ಕೆ ವಿಷಯ ಆರಿಸುವಾಗ ಬೇರೆಯವರು ಹಂಪಿ, ಬೇಲೂರು ಎಂದರು. ಇವಳು ಗುಂಡ್ಲಪಲ್ಲಿಯ ಕಲ್ಲು ಎಂದಳು.

ಎಂ.ಎ. ಮುಗಿಯಿತು. ಜೊತೆಗೆ ಓದಿದವರಲ್ಲಿ ಒಬ್ಬಳು ಬೆಂಗಳೂರಿನ ಚಿತ್ರಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದಳು, ಒಬ್ಬ ನೆಟ್ ಪರೀಕ್ಷೆ ಬರೆಯುತ್ತ ಕೂತ, ಇಬ್ಬರು ಬಿ.ಎಡ್.ಗೆ ಹೋದರು. ಹರಿಣಿ ಅರ್ಜಿ ಹಾಕಿದ ಕಡೆಯೆಲ್ಲ ಅನುಭವ ಕೇಳಿದರು. ಕೆಲಸ ಕೊಡದೆ ಅನುಭವ ಎಲ್ಲಿಂದ ತರುವುದು? ಕೊನೆಗೆ ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರ ರಮೇಶ್‌ಬಾಬುವಿನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತಳು. ಹುಟ್ಟುಹಬ್ಬದ ಶುಭಾಶಯ, ಭಾವಪೂರ್ಣ ಶ್ರದ್ಧಾಂಜಲಿ, ಗೃಹಪ್ರವೇಶ. ಮುಖಂಡರ ಮುಖ ದೊಡ್ಡದು, ಶುಭ ಕೋರುವವರ ಮುಖ ಚಿಕ್ಕದು.

"ನೀನು ಓದಿದ್ದು ಸಾವಿರ ವರ್ಷದ ಕಲೆ ಕಣಮ್ಮಾ, ಮಾಡ್ತಿರೋದು ಒಂದು ವಾರದ ಕಲೆ," ಎಂದು ರಮೇಶ್‌ಬಾಬು ನಗುತ್ತಿದ್ದ. "ಎಂಟನೇ ದಿನ ಇದನ್ನ ದನದ ಕೊಟ್ಟಿಗೆಗೆ ಮರೆ ಕಟ್ತಾರೆ." ಆದರೆ ಸಂದರ್ಶನವಿದೆ ಎಂದು ರಜೆ ಕೇಳಿದರೆ ಒಂದು ದಿನವೂ ಇಲ್ಲ ಎಂದವನಲ್ಲ.

ಊರಿಗೆ ಹೋದಾಗ ಬೇರೆ ತರದ ಪಾಡು. ಕಲೆ ಓದಿದ ಹುಡುಗಿ ಎಂದು ಅಂಗನವಾಡಿ ಟೀಚರ್ ಗೋಡೆಯ ಮೇಲೆ ಗಿಳಿ ಬರೆಯಲು ಕರೆದರು. ತನಗೆ ಚಿತ್ರ ಬರೆಯಲು ಬರುವುದಿಲ್ಲ ಎಂದು ಹರಿಣಿ ಎಷ್ಟು ಹೇಳಿದರೂ ಅದು ವಿನಯ ಎಂದುಕೊಂಡರು. ಬರೆದಳು. ಮಕ್ಕಳು ಅದನ್ನು ಕೋಳಿ ಎಂದು ಗುರುತಿಸಿದವು. ಆಮೇಲೆ ಗೌರಿಬಿದನೂರಿನಿಂದ ಪೇಂಟರನ್ನು ಕರೆಸಿ ಅದರ ಮೇಲೆ ಇನ್ನೊಂದು ಗಿಳಿ ಬರೆಸಿದರು. ಮಿಕ್ಕ ಬಣ್ಣದ ಡಬ್ಬಿಗಳನ್ನು ಟೀಚರು ಬಯ್ಯಪ್ಪನಿಗೆ ಕೊಟ್ಟರು. ಯಾವತ್ತಾದರೂ ಬಾಗಿಲಿಗಾದೀತು ಎಂದು ಅವನು ಅಟ್ಟದ ಮೇಲಿಟ್ಟ.

ಸಂಕ್ರಾಂತಿ ಕಳೆದ ಮೇಲೆ ಹರಿಣಿಗೆ ಒಂದು ಒಳ್ಳೆಯ ಸುದ್ದಿ ಬಂತು. ಬೆಂಗಳೂರಿನ ಒಂದು ಟ್ರಸ್ಟು ಜಿಲ್ಲೆಯ ಊರೂರಿನ ವೀರಗಲ್ಲು, ಮಾಸ್ತಿಕಲ್ಲು, ಹಾಳು ಗುಡಿಗಳ ಶಿಲ್ಪಗಳನ್ನೆಲ್ಲ ಅಳೆದು, ಫೋಟೊ ತೆಗೆದು, ವಿವರ ಬರೆದಿಡುವ ಕೆಲಸಕ್ಕೆ ಒಬ್ಬ ಸಹಾಯಕರನ್ನು ಹುಡುಕುತ್ತಿತ್ತು. ಎರಡು ವರ್ಷದ ಗುತ್ತಿಗೆ ಕೆಲಸ. ಅವಳು ಓದಿದ ಓದನ್ನೇ ಕೇಳುವ ಕೆಲಸ ಅವಳ ಕಣ್ಣಿಗೆ ಬಿದ್ದದ್ದು ಅದೊಂದೇ. ಮೊದಲ ಸುತ್ತಿನಲ್ಲಿ ಉಳಿದವರು ಇಬ್ಬರು: ಚಿಂತಾಮಣಿಯ ಒಬ್ಬ ಹುಡುಗ, ಮತ್ತು ಹರಿಣಿ. ಕೊನೆಯ ಸುತ್ತು ಬೆಂಗಳೂರಿನಲ್ಲಿ ಅಲ್ಲ. "ನಿಮ್ಮ ತಾಲ್ಲೂಕಿನ ಒಂದು ಶಿಲ್ಪದ ಮುಂದೆ ನಿಂತು ನಮಗೆ ತೋರಿಸಿ, ನಾವೇ ಬರುತ್ತೇವೆ," ಎಂದಿದ್ದರು.

ಹರಿಣಿ ಅಂಗಡಿಯಿಂದಲೇ ಅಪ್ಪನಿಗೆ ಫೋನು ಮಾಡಿದಳು. "ಅಪ್ಪಾ, ಶನಿವಾರ ಬೆಂಗಳೂರಿನೋರು ಬರ್ತಾರೆ. ನಮ್ಮ ಬೇಟೆರಾಯಪ್ಪನ್ನ ನೋಡೋಕೆ. ನನ್ನ ಕೆಲಸ ಅವರ ಕೈಲಿದೆ. ಸುತ್ತ ಕಸಗಿಸ ಇದ್ರೆ ಸ್ವಲ್ಪ ತೆಗ್ದಿರಪ್ಪ."

"ನಮ್ಮ ಕಲ್ಲು ನೋಡೋಕೆ ಬೆಂಗಳೂರಿಂದ ಬರ್ತಾರಾ?" ಎಂದ ಬಯ್ಯಪ್ಪ. ಆಮೇಲೆ, "ಅದೆಲ್ಲ ನಂಗೆ ಬಿಡು ತಾಯಿ," ಎಂದ.

ಶುಕ್ರವಾರ ಹರಿಣಿ ಮಂಚೇನಹಳ್ಳಿ ಮೇಲೆ ಹೋಗುವ ಬಸ್ಸು ಹಿಡಿದು ಗೌರಿಬಿದನೂರು ಸೇರಿ, ಅಲ್ಲಿಂದ ನಗರಗೆರೆಯ ಬಸ್ಸು ಹತ್ತಿ ಊರಿಗೆ ಬಂದಾಗ ಹೊತ್ತು ಮುಳುಗುವುದರಲ್ಲಿತ್ತು. ದಾರಿಯುದ್ದಕ್ಕೂ ನಾಳೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದಿದ್ದಳು. ವೀರನ ಮಂಡಿ ಹೇಗೆ ಬಾಗಿದೆ, ಬಿಲ್ಲಿನ ಎಳೆತ ಭುಜದವರೆಗೆ ಹೇಗೆ ಬಂದಿದೆ, ಉಳಿಯ ಗುರುತು ಎಲ್ಲಿ ಇನ್ನೂ ಉಳಿದಿದೆ. ಮನೆಗೂ ಹೋಗದೆ ನೇರ ಹೊಂಗೆ ಮರದ ಕಡೆ ನಡೆದಳು.

ಮರದ ಕೆಳಗೆ ಬೇಟೆರಾಯಪ್ಪ ಫಳಫಳ ಹೊಳೆಯುತ್ತಿದ್ದ.

ವೀರನ ಮೈಗೆ ಗುಲಾಬಿ ಬಣ್ಣ. ಪಂಚೆ ಅಂಗನವಾಡಿಯ ಗಿಳಿಯ ಹಸಿರು. ಬಿಲ್ಲು ಹಳದಿ. ಸವೆದು ಹೋಗಿದ್ದ ಮುಖದ ಮೇಲೆ ಎರಡು ಕಣ್ಣು, ಒಂದು ದಪ್ಪ ಮೀಸೆ. ಹಂದಿ ಕಂದು. ನಾಯಿ ಮಾತ್ರ ಅಚ್ಚಗಪ್ಪು, ಹಣೆಯ ಮೇಲೆ ಒಂದು ಬಿಳಿ ಬೊಟ್ಟು, ನಾಲ್ಕು ಪಾದಕ್ಕೂ ಬಿಳಿ. ಸುತ್ತಲೂ ನೆಲ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಿತ್ತು. ಪಕ್ಕದಲ್ಲಿ ಬಯ್ಯಪ್ಪ ನಿಂತಿದ್ದ. ಅವನ ಕಿವಿಯ ಮೇಲೆ, ಮೊಣಕೈ ಮೇಲೆ ಗುಲಾಬಿ ಹನಿಗಳು. ಕಲ್ಲನ್ನು ನೋಡುತ್ತಿರಲಿಲ್ಲ ಅವನು, ಮಗಳ ಮುಖ ನೋಡುತ್ತಿದ್ದ.

"ನಮ್ಮ ಕರಿಯನ್ನ ನೋಡಮ್ಮಾ," ಎಂದ. "ಗುರುತು ಸಿಕ್ತಾ?"

ಕರಿಯ ಅವರ ಮನೆಯಲ್ಲಿದ್ದ ನಾಯಿ. ಹರಿಣಿ ಶಾಲೆಗೆ ಹೋಗುವಾಗ ಹಿಂದೆಯೇ ಬಂದು, ಗಂಟೆ ಹೊಡೆಯುವವರೆಗೆ ಬಾಗಿಲಲ್ಲಿ ಮಲಗಿದ್ದು, ಮತ್ತೆ ಹಿಂದೆಯೇ ಬರುತ್ತಿತ್ತು. ಅದು ಸತ್ತಾಗ ಹರಿಣಿ ಊಟ ಬಿಟ್ಟು ಅತ್ತಿದ್ದಳು. ಆ ನಾಲ್ಕು ಬಿಳಿ ಪಾದ ಅಪ್ಪನಿಗೆ ಇನ್ನೂ ನೆನಪಿತ್ತು.

"ಗುರುತು ಸಿಕ್ತು ಅಪ್ಪಾ," ಎಂದಳು. "ಚೆನ್ನಾಗಿದೆ."

ಹರಿಣಿಯ ಅಮ್ಮ ಗಂಗುಲಮ್ಮ ಮನೆಯ ಕಡೆಯಿಂದ ಬಂದವಳು, "ಊಟಕ್ಕೆ ಕರೆದ್ರೂ ಬರ್ತಿರಲಿಲ್ಲ ಕಣೇ ನಿಮ್ಮಪ್ಪ. ಮದುವೆ ಮನೆಗೆ ಸುಣ್ಣ ಹೊಡೆದಂಗೆ ಹೊಡ್ದ. ನಾಯಿ ಒಂದಕ್ಕೇ ಒಂದು ಹಗಲು," ಎಂದಳು. ಬಯ್ಯಪ್ಪ ಮಗಳ ಮುಖವನ್ನು ಅವಳು ಹುಟ್ಟಿದಾಗಿನಿಂದ ನೋಡಿದವನು. ಚೆನ್ನಾಗಿದೆ ಎಂದ ಬಾಯಿಗೂ ಆ ಕಣ್ಣಿಗೂ ತಾಳೆಯಾಗಲಿಲ್ಲ. ಬ್ರಷ್ಷುಗಳನ್ನು ಮೆಲ್ಲಗೆ ಎತ್ತಿಕೊಂಡು ತೊಳೆಯಲು ಹೋದ.

ಅಡುಗೆಮನೆಯಲ್ಲಿ ಗಂಗುಲಮ್ಮ ಹಿಟ್ಟು ತಿರುವುತ್ತ ಮಗಳನ್ನು ಕೇಳಿದಳು. "ಏನಾಯ್ತೇ? ಬಂದಾಗಿಂದ ಒಂದು ತರ ಇದೀಯ."

ಹರಿಣಿ ತಡೆಯಲಾರದೆ ಹೇಳಿದಳು. ಎಣ್ಣೆ ಬಣ್ಣ ಕಲ್ಲಿಗೆ ಉಸಿರು ಕಟ್ಟಿಸುತ್ತದೆ. ಒಳಗಿನ ತೇವ ಹೊರಗೆ ಬರಲಾಗದೆ ಕಲ್ಲು ಪುಡಿಯಾಗುತ್ತದೆ. ನಾಳೆ ಬರುವವರು ನೋಡಬೇಕಾದದ್ದು ಉಳಿಯ ಗೆರೆಗಳನ್ನು, ಅವೆಲ್ಲ ಬಣ್ಣದ ಕೆಳಗೆ ಹೋದವು. ಇಂಥವುಗಳನ್ನು ಕಾಪಾಡುವ ಕೆಲಸಕ್ಕೆ ಬಂದವಳು ತನ್ನ ಊರಿನ ಕಲ್ಲನ್ನೇ ಕಾಪಾಡಲಿಲ್ಲ ಎನ್ನುತ್ತಾರೆ. "ಆ ಚಿಂತಾಮಣಿ ಹುಡುಗ ತೋರಿಸೋದು ದೇವಸ್ಥಾನ ಅಮ್ಮಾ. ಸುತ್ತ ಬೇಲಿ ಇದೆ, ಬೋರ್ಡು ಇದೆ, ಯಾರೂ ಮುಟ್ಟಿಲ್ಲ. ನನ್ನ ಕೆಲಸ ಹೋಯ್ತು ಅಂತಲೇ ಇಟ್ಕೋ."

"ಮೆಲ್ಲಗೆ ಮಾತಾಡೇ," ಎಂದಳು ಗಂಗುಲಮ್ಮ. ಆದರೆ ಬಚ್ಚಲಲ್ಲಿ ಸೀಮೆಎಣ್ಣೆ ಹಚ್ಚಿ ಕೈ ಉಜ್ಜುತ್ತಿದ್ದ ಬಯ್ಯಪ್ಪನ ಸದ್ದು ಆಗಲೇ ನಿಂತಿತ್ತು. ಊಟದ ಹೊತ್ತಿಗೆ ಅವನು ತಲೆಯೆತ್ತದೆ ಉಂಡೆದ್ದ.

ಬೆಳಿಗ್ಗೆ ಹರಿಣಿಗೆ ಎಚ್ಚರವಾದದ್ದು ಒಂದು ಸದ್ದಿಗೆ. ಕರ್, ಕರ್, ಕರ್. ಗೋಡೆಯ ಹಳೇ ಬಣ್ಣ ಕೆರೆಯುವ ಸದ್ದು. ಒಂದು ಕ್ಷಣ ಅರ್ಥವಾಗಲಿಲ್ಲ, ಅರ್ಥವಾದ ಕೂಡಲೇ ಬರಿಗಾಲಲ್ಲಿ ಓಡಿದಳು.

ಬಯ್ಯಪ್ಪ ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಪಕ್ಕದಲ್ಲಿ ಥಿನ್ನರ್ ಬಾಟಲಿ, ಬಟ್ಟೆ ಚೂರು, ಕೈಯಲ್ಲಿ ಕಬ್ಬಿಣದ ಪಟ್ಟಿ. ಹಂದಿಯ ಬೆನ್ನು ಆಗಲೇ ಮುಗಿಸಿ ನಾಯಿಯ ಕಡೆ ಬಂದಿದ್ದ. ಹರಿಣಿ ಹೋಗಿ ಅವನ ಮಣಿಕಟ್ಟು ಹಿಡಿದಳು.

"ಬಿಡು ತಾಯಿ. ಅವರು ಬರೋ ಹೊತ್ತಿಗೆ ಮುಗಿಸ್ತೀನಿ. ಮೊದಲು ಹೆಂಗಿತ್ತೋ ಹಂಗೆ ಮಾಡ್ತೀನಿ."

"ಬೇಡಪ್ಪಾ."

"ನೀನೇ ಅಂದ್ಯಲ್ಲ ನಿಮ್ಮಮ್ಮನ ಹತ್ರ. ನಂಗೆ ಕೇಳಿಸ್ತು."

ಹರಿಣಿ ಅವನ ಕಾಲ ಬಳಿ ಬಿದ್ದಿದ್ದ ಕಂದು ಚಕ್ಕೆಯೊಂದನ್ನು ಎತ್ತಿ ಮಗುಚಿ ಅಂಗೈ ಮೇಲಿಟ್ಟು ತೋರಿಸಿದಳು. ಬಣ್ಣದ ಹಿಂದೆ ಬೂದು ಬಣ್ಣದ ತೆಳುವಾದ ಪುಡಿ ಅಂಟಿತ್ತು. "ನೋಡು. ಬಣ್ಣದ ಜೊತೆ ಕಲ್ಲೂ ಬರ್ತಿದೆ. ಇದು ಹಂದಿ ಬೆನ್ನಿನ ಕೂದಲು ಅಪ್ಪಾ. ಗೆರೆ ಗೆರೆ ಇತ್ತಲ್ಲ, ಅದು."

ಬಯ್ಯಪ್ಪ ಚಕ್ಕೆಯನ್ನು ನೋಡಿದ, ಪಟ್ಟಿಯನ್ನು ನೋಡಿದ, ನಿಧಾನವಾಗಿ ಕೆಳಗಿಟ್ಟ.

"ಕೆರೆದ್ರೆ ನಿನ್ನ ಕೆಲಸ ಉಳೀತದೆ," ಎಂದ.

"ಕೆರೆದ್ರೆ ನಾಯಿ ಕಿವಿ ಉಳಿಯಲ್ಲ."

ಇಬ್ಬರೂ ಕಿವಿಯ ಕಡೆ ನೋಡಿದರು. ಕಪ್ಪು ಬಣ್ಣ ಬಳಿದುಕೊಂಡ ಆ ತೆಳ್ಳನೆಯ ಎಲೆ. ಅದನ್ನು ಹಿಡಿದು ಬಯ್ಯಪ್ಪ ನಿಂತಿದ್ದ, ಅವನ ಅಪ್ಪ ನಿಂತಿದ್ದ, ಹರಿಣಿಯೂ ನಿಂತಿದ್ದಳು. ಪಟ್ಟಿ ಒಂದು ಸಲ ಜಾರಿದರೆ ಸಾಕು. ಕಲ್ಲು ಬರಿದಾಗಿ ಕಂಡರೆ ಬಂದವರು ಮೆಚ್ಚಬಹುದು, ಕೆಲಸವೂ ಸಿಗಬಹುದು. ಅವಳಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಇನ್ನೂ ಹೊತ್ತಿತ್ತು, ಅಪ್ಪನ ಕೈ ಬಿಟ್ಟು ಸುಮ್ಮನೆ ಮನೆಗೆ ಹೋಗಿಬಿಟ್ಟರೆ ಆಗುತ್ತಿತ್ತು. ಅವಳು ಥಿನ್ನರ್ ಬಾಟಲಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದಳು.

"ಮೊದಲೇ ಒಂದು ಮಾತು ಹೇಳಬಾರದಿತ್ತಾ ತಾಯಿ? ಬಣ್ಣ ಬ್ಯಾಡ ಅಂತ."

"ಹೇಳಲಿಲ್ಲ ಅಪ್ಪಾ. ಕಸ ತೆಗಿ ಅಂದೆ ಅಷ್ಟೆ. ನಂಗೆ ಹೊಳೀಲೇ ಇಲ್ಲ."

ಹೌದು, ಹೊಳೆದಿರಲಿಲ್ಲ. ಈ ಕಲ್ಲಿನ ಬಗ್ಗೆ ಅವಳು ಪುಟಗಟ್ಟಲೆ ಬರೆದಿದ್ದಳು, ಮೇಡಂಗಳ ಮುಂದೆ ಓದಿದ್ದಳು, ಚಪ್ಪಾಳೆ ತಟ್ಟಿಸಿಕೊಂಡಿದ್ದಳು. ಅದರಲ್ಲಿ ಏನು ಬರೆದಿದೆ ಎಂದು ಮನೆಯಲ್ಲಿ ಒಂದು ದಿನ ಹೇಳಿರಲಿಲ್ಲ. ಅಪ್ಪ ಅಮ್ಮನಿಗೆ ಏನು ಅರ್ಥವಾದೀತು ಎಂದುಕೊಂಡಳೋ, ಅವರು ಕೇಳಲಿಲ್ಲವೆಂದೋ, ಅವಳಿಗೇ ತಿಳಿಯದು.

ಬಯ್ಯಪ್ಪ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ, ಕಲ್ಲಿಗೇ ಹೇಳುವವನಂತೆ ಹೇಳಿದ. "ಊರೊಳಗಿನ ಗುಡಿಗೆ ಬಣ್ಣ ಹೊಡೆಯೋವಾಗ ನಾನು ನೀರು ಹೊತ್ತು ಹಾಕಿದೀನಿ. ಕಾಂಪೌಂಡ್ ತನಕ. ಒಳಗೆ ದೇವ್ರಿಗೆ ಯಾವ ಬಣ್ಣ ಹೊಡೆದ್ರು ಅಂತ ಇವತ್ತಿಗೂ ಗೊತ್ತಿಲ್ಲ. ನನ್ನ ಕೈಗೆ ಸಿಗೋ ದೇವ್ರು ಇವನೊಬ್ಬ. ನಿನ್ನ ಕೆಲಸ ಇವನ ಕೈಲಿದೆ ಅಂದ್ಯಲ್ಲ, ಚೆನ್ನಾಗಿ ಕಾಣಲಿ ಅಂತ..."

ಬೆಂಗಳೂರಿನವರ ಕೈಲಿದೆ ಎಂದು ತಾನು ಹೇಳಿದ್ದನ್ನು ಅಪ್ಪ ಹೀಗೆ ಕೇಳಿಸಿಕೊಂಡದ್ದನ್ನು ಹರಿಣಿ ತಿದ್ದಲಿಲ್ಲ. ಅವನ ಪಕ್ಕದಲ್ಲಿ ರಂಗೋಲಿ ತುಳಿಯದಂತೆ ಕೂತಳು. ಆಮೇಲೆ ಕಲ್ಲಿನಲ್ಲಿ ಏನೇನಿದೆ ಎಂದು ಒಂದೊಂದಾಗಿ ಹೇಳತೊಡಗಿದಳು. ಬಣ್ಣದ ಮೇಲೆ ಬೆರಳಾಡಿಸಿ, ಮಂಡಿಯ ಬಾಗು ಇಲ್ಲಿ, ಬಿಲ್ಲಿನ ಎಳೆತ ಇಲ್ಲಿ. ಬಯ್ಯಪ್ಪ ಕೇಳಿದ. ನಡುವೆ ಒಮ್ಮೆ, "ಅಯ್ಯೋ, ಅದು ಬಾಣದ ಬತ್ತಳಿಕೆಯಾ? ನಾನು ಬೆನ್ನು ಅಂದ್ಕೊಂಡು ಗುಲಾಬಿ ಹೊಡ್ದೆ," ಎಂದ. ಹರಿಣಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ.

ಬಿಸಿಲೇರುವ ಹೊತ್ತಿಗೆ ಕಾರು ಬಂತು. ಇಳಿದವರು ಇಬ್ಬರು. ಒಬ್ಬರು ಗೌತಮಿ ಮೇಡಂ, ನಿವೃತ್ತ ಪ್ರೊಫೆಸರು, ಬಿಳಿ ಕೂದಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಇನ್ನೊಬ್ಬರು ಟ್ರಸ್ಟಿನ ಮ್ಯಾನೇಜರು ಭಾನುಪ್ರಕಾಶ್. ಚಿಂತಾಮಣಿಯ ದೇವಸ್ಥಾನವನ್ನು ಹಿಂದಿನ ದಿನವೇ ನೋಡಿ ಬಂದಿದ್ದರು. ಕಾಲೋನಿಯ ನಾಲ್ಕಾರು ಜನ ದೂರದಲ್ಲಿ ನಿಂತರು. ಬಯ್ಯಪ್ಪ ಒಗೆದ ಅಂಗಿ ಹಾಕಿಕೊಂಡು ಮರದ ಹಿಂದೆ ನಿಂತ.

ಭಾನುಪ್ರಕಾಶ್ ಕಲ್ಲಿನ ಮುಂದೆ ಬಂದು ನಿಂತವರು, ಮೊಬೈಲಿನಲ್ಲಿದ್ದ ಹಳೆಯ ಫೋಟೊವನ್ನೂ ಕಲ್ಲನ್ನೂ ಬದಲಿಸಿ ಬದಲಿಸಿ ನೋಡಿದರು.

"ಇದೇನಮ್ಮ ಇದು? ನಿಮ್ಮ ಪ್ರಬಂಧದಲ್ಲಿರೋ ಕಲ್ಲು ಇದೇನಾ? ಯಾರು ಮಾಡಿದ ಅನಾಹುತ ಇದು?"

ಊರಿನವರು ಎಂಬ ಪದ ಹರಿಣಿಯ ನಾಲಿಗೆಯ ತುದಿಗೆ ಬಂತು. ಎಷ್ಟು ಸುಲಭದ ಪದ ಅದು. ಪುಸ್ತಕಗಳಲ್ಲೆಲ್ಲ ಅದೇ ಇರುತ್ತದೆ: ಸ್ಥಳೀಯರು ಬಣ್ಣ ಬಳಿದು ವಿರೂಪಗೊಳಿಸಿದ್ದಾರೆ. ಅವಳ ಪ್ರಬಂಧದಲ್ಲೂ ಬೇರೆ ಊರಿನ ಕಲ್ಲುಗಳ ಬಗ್ಗೆ ಆ ವಾಕ್ಯ ಇತ್ತು. ಹಾಗೆಂದರೆ ಎಲ್ಲರೂ ಆಗುತ್ತದೆ, ಯಾರೂ ಅಲ್ಲ ಎಂದೂ ಆಗುತ್ತದೆ. ಮರದ ಹಿಂದಿನಿಂದ ಅಪ್ಪ ಒಂದು ಹೆಜ್ಜೆ ಮುಂದೆ ಬರುತ್ತಿದ್ದದ್ದು ಅವಳಿಗೆ ಕಂಡಿತು.

"ನಮ್ಮಪ್ಪ ಸರ್," ಎಂದಳು. "ಬಯ್ಯಪ್ಪ ಅಂತ. ಇಲ್ಲೇ ಇದಾರೆ. ನೀವು ಬರ್ತೀರ ಅಂತ ನಾನೇ ಹೇಳಿದ್ದೆ. ನೆಂಟರು ಬರೋವಾಗ ಮನೆಗೆ ಸುಣ್ಣ ಹೊಡೀತೀವಲ್ಲ, ಹಂಗೆ ಹೊಡೆದಿದಾರೆ. ಬಣ್ಣ ಬೇಡ ಅಂತ ನಾನು ಹೇಳಿರಲಿಲ್ಲ. ಅದು ನನ್ನ ತಪ್ಪು."

ಭಾನುಪ್ರಕಾಶ್ ಏನೋ ಹೇಳಹೊರಟರು. ಗೌತಮಿ ಮೇಡಂ ಕೈಯೆತ್ತಿ ತಡೆದು, "ಸರಿಯಮ್ಮ. ಈಗ ತೋರಿಸು," ಎಂದರು. "ಇಲ್ಲಿ ಏನು ಕಾಣ್ತಿದೆಯೋ ಅದನ್ನ."

ಹರಿಣಿ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡದ್ದನ್ನೆಲ್ಲ ಬಿಟ್ಟಳು. ಕಂಡದ್ದನ್ನು ಮೊದಲು ಹೇಳಿದಳು. ಗುಲಾಬಿ, ಹಸಿರು, ಹಳದಿ. ಅಂಗನವಾಡಿಯ ಗಿಳಿಗೆ ತಂದ ಬಣ್ಣ. ಅದರ ಕೆಳಗೆ ಅರಿಶಿನ, ಎಣ್ಣೆ, ತಲೆಮಾರುಗಳ ಪೂಜೆಯ ಜಿಡ್ಡು. ಅದರ ಕೆಳಗೆ ಉಳಿಯ ಕೆಲಸ, ಅದರ ಹಳೆಯ ಫೋಟೊ, ಅಳತೆ ತನ್ನ ಹತ್ತಿರ ಇವೆ. ಕೊನೆಗೆ ಹಂದಿಯ ಬೆನ್ನು ತೋರಿಸಿದಳು. "ಇಷ್ಟು ಇವತ್ತು ಬೆಳಿಗ್ಗೆ ಅಪ್ಪ ಕೆರೆದದ್ದು. ಕಲ್ಲಿನ ಪುಡಿ ಬರ್ತಿತ್ತು. ನಿಲ್ಲಿಸಿದೆ."

"ನಿಲ್ಲಿಸದೇ ಇದ್ದಿದ್ರೆ ನಮಗೆ ಇವತ್ತು ಕಲ್ಲು ಕಾಣ್ತಿತ್ತು," ಎಂದರು ಗೌತಮಿ ಮೇಡಂ.

"ಕಲ್ಲು ಕಾಣ್ತಿತ್ತು ಮೇಡಂ. ನಾಯಿ ಕಿವಿ ಕಾಣ್ತಿರಲಿಲ್ಲ."

ಮೇಡಂ ಮಂಡಿ ಹಿಡಿದುಕೊಂಡು ನಿಧಾನವಾಗಿ ಕೆಳಗೆ ಕೂತರು. ಭೂತಗನ್ನಡಿಯಲ್ಲಿ ಕಿವಿಯನ್ನು ಬಹಳ ಹೊತ್ತು ನೋಡಿದರು. "ಮುಂದೆ ಏನು ಮಾಡ್ತೀಯ?"

"ಸದ್ಯಕ್ಕೆ ಏನೂ ಮಾಡಬಾರದು ಮೇಡಂ. ಬಣ್ಣ ತೆಗೆಯೋ ಕೆಲಸ ಕಲಿತವರು ಬಂದು ಮೊದಲು ಒಂದು ಮೂಲೇಲಿ ಪರೀಕ್ಷೆ ಮಾಡಿ ನೋಡಬೇಕು. ಮುಂದಿನ ಸಲ ಬಣ್ಣ ಬೇಡ, ಅರಿಶಿನ ಕುಂಕುಮ ಸಾಕು ಅಂತ ಕಾಲೋನಿಯವರನ್ನ ಕೇಳ್ಕೋತೀನಿ."

"ಕೇಳ್ಕೊಂಡ್ರೆ ಒಪ್ತಾರಾ?" ಎಂದರು ಭಾನುಪ್ರಕಾಶ್.

"ಒಪ್ಪದಿದ್ರೆ ಇನ್ನೊಂದು ಸಲ ಕೇಳ್ತೀನಿ ಸರ್. ನಮ್ಮೂರೇ ಅಲ್ವಾ, ಎಲ್ಲಿಗೆ ಹೋಗ್ತಾರೆ?"

ದೂರದಲ್ಲಿ ನಿಂತವರು ನಕ್ಕರು. ಮೇಡಂ ಬಯ್ಯಪ್ಪನ ಕಡೆ ತಿರುಗಿದರು. "ನಾಯಿಗೆ ಕಪ್ಪು ಬಣ್ಣ ಯಾಕೆ ಹಾಕಿದ್ರಿ? ಪಾದ ಯಾಕೆ ಬಿಳಿ?"

ಬಯ್ಯಪ್ಪ ಕೈ ಕಟ್ಟಿಕೊಂಡು, "ನಮ್ಮನೇಲಿ ಒಂದಿತ್ತಮ್ಮಾ, ಕರಿಯ ಅಂತ," ಎಂದ. "ಈ ಹುಡುಗಿ ಇಸ್ಕೂಲಿಗೆ ಹೋಗೋವಾಗ ಹಿಂದೇನೇ ಹೋಗಿ ಕಾಯ್ತಿತ್ತು. ಈಗಲೂ ಕಾಯಲಿ ಅಂತ."

ಗಂಗುಲಮ್ಮ ಮಜ್ಜಿಗೆ ತಂದಳು. ಕುಡಿದು ಇಬ್ಬರೂ ಹೊರಟರು. ಫೋನು ಮಾಡುತ್ತೇವೆ ಎಂದರು, ಅಷ್ಟೆ. ಕಾರಿನ ಧೂಳು ಇಳಿದ ಮೇಲೆ ಬಯ್ಯಪ್ಪ, "ಹೋಯ್ತಾ ತಾಯಿ?" ಎಂದು ಕೇಳಿದ. "ಗೊತ್ತಿಲ್ಲಪ್ಪಾ. ಬಾ, ಊಟ ಮಾಡಣ," ಎಂದಳು.

ಹರಿಣಿ ಮತ್ತೆ ಚಿಕ್ಕಬಳ್ಳಾಪುರಕ್ಕೆ ಬಂದು ಮುಖಂಡರ ಮುಖ ದೊಡ್ಡದು ಮಾಡುತ್ತ ಕೂತಳು. ಗೌತಮಿ ಮೇಡಂ ಫೋನು ಮಾಡಿದ್ದು ಮದುವೆಗಳ ಕಾಲ ಶುರುವಾಗಿ ಅಂಗಡಿ ತುಂಬ ಜನವಿದ್ದಾಗ. ಯಾರದೋ ನಾಮಕರಣದ ಬ್ಯಾನರಿನ ಅಳತೆ ಬರೆದುಕೊಳ್ಳುತ್ತಲೇ ಅವಳು ಹಲೋ ಎಂದಳು.

"ಒಂದನೇ ತಾರೀಕಿಂದ ಬಂದು ಸೇರ್ಕೋಮ್ಮ," ಎಂದರು ಮೇಡಂ. "ಮೊದಲು ಶಿಡ್ಲಘಟ್ಟದ ಕಡೆ ಹೋಗೋದಿದೆ. ಅಲ್ಲಿ ಅರ್ಧಕ್ಕರ್ಧ ಕಲ್ಲಿಗೆ ಬಣ್ಣ ಬಳಿದಿದಾರಂತೆ. ಯಾರು ಬಳಿದ್ರು ಅಂತ ಕೇಳಿ, ಅವರ ಹೆಸರು ಬರ್ಕೊಂಡು, ಅವರ ಜೊತೆ ಕೂತು ಮಾತಾಡೋರು ಬೇಕು."

ರಮೇಶ್‌ಬಾಬು ಸುದ್ದಿ ಕೇಳಿ ಅಂಗಡಿಯಲ್ಲಿದ್ದವರಿಗೆಲ್ಲ ಟೀ ತರಿಸಿದ. ಸಂಜೆಯೊಳಗೆ ತಾನೇ ಕಂಪ್ಯೂಟರ್ ಮುಂದೆ ಕೂತು ಒಂದು ಬ್ಯಾನರು ಮಾಡಿದ. ಅದರಲ್ಲಿ ಹರಿಣಿಯ ಮುಖ ದೊಡ್ಡದು, ಹಿಂದೆ ನಂದಿ ಬೆಟ್ಟ, ಕೆಳಗೆ 'ನಮ್ಮ ಅಂಗಡಿಯ ಹೆಮ್ಮೆ'. "ಇದು ಒಂದು ವಾರದ ಕಲೆಯಲ್ಲ ಕಣಮ್ಮಾ, ದಪ್ಪ ಶೀಟು ಹಾಕಿದೀನಿ," ಎಂದ.

ಭಾನುವಾರ ಬ್ಯಾನರು ಸುತ್ತಿಕೊಂಡು ಹರಿಣಿ ಊರಿಗೆ ಹೋದಳು. ಕಟ್ಟುವುದ್ಯಾಕೆ ಎಂದು ಅವಳು, ಕಟ್ಟದೆ ಬಿಡುವುದುಂಟೇ ಎಂದು ಗಂಗುಲಮ್ಮ. "ಎರಡು ವರ್ಷ ಆದ್ಮೇಲೆ ಏನೇ?" ಎಂದೂ ಕೇಳಿದಳು. "ಆಮೇಲೆ ನೋಡಣಮ್ಮಾ," ಎಂದಳು ಹರಿಣಿ. ಅದಕ್ಕಿಂತ ಹೆಚ್ಚಿಗೆ ಅವಳಿಗೂ ಗೊತ್ತಿರಲಿಲ್ಲ.

ಬಯ್ಯಪ್ಪ ಹಗ್ಗ ಹಿಡಿದು ಹೊಂಗೆ ಮರದ ಹತ್ತಿರ ಹೋದ. ಒಂದು ತುದಿಯನ್ನು ಕೊಂಬೆಗೆ ಕಟ್ಟಿದ. ಇನ್ನೊಂದು ತುದಿಗೆ ಆಧಾರ ಹುಡುಕುತ್ತ ಸುತ್ತ ನೋಡಿದ. ಅಲ್ಲಿ ಅಷ್ಟು ಎತ್ತರಕ್ಕೆ ಗಟ್ಟಿಯಾಗಿ ನಿಂತದ್ದು ಬೇಟೆರಾಯಪ್ಪ ಒಬ್ಬನೇ. ಪಕ್ಕದ ಮನೆಯ ಮುನಿವೆಂಕಟಪ್ಪ, "ಕಲ್ಲಿಗೇ ಒಂದು ಸುತ್ತು ಹಾಕು ಬಯ್ಯಣ್ಣ, ಎಲ್ಲೂ ಹೋಗಲ್ಲ," ಎಂದ.

ಹರಿಣಿ ಬಾಯಿ ತೆರೆಯುವಷ್ಟರಲ್ಲಿ ಬಯ್ಯಪ್ಪ ತಿರುಗಿ, "ಸುಮ್ನಿರೋ. ಹಗ್ಗ ಉಜ್ಜಿದ್ರೆ ಕಿವಿ ಹೋಗ್ತದೆ," ಎಂದ. ಹಗ್ಗದ ತುದಿಯನ್ನು ತನ್ನ ಕೈಗೇ ಎರಡು ಸುತ್ತು ಸುತ್ತಿಕೊಂಡು ಎಳೆದು ನಿಂತ. "ಗೂಟ ತಗೊಂಡು ಬಾ. ಅಲ್ಲೀವರೆಗೆ ನಾನೇ ಹಿಡ್ಕೊಂಡಿರ್ತೀನಿ."